ಒಂದು ಮನೆಗೆ ಒಂದು ಹಾಡು

"ಗಂಗಪ್ಪನೋರ್ಗೆ ಕ್ವಾಪ ಅನ್ನೋದೇ ಗೊತ್ತಿರ್ನಿಲ್ಲ!"

ವಠಾರದ ಓನರ್ ಚಿಕ್ಕಮುನಿಯಪ್ಪ ಮೈಕಿನಲ್ಲಿ ಹೀಗೆಂದಾಗ ಶೈಲಶ್ರೀಗೆ ನಗು ಉಕ್ಕಿಬಂತು. ತಡೆಯಲು ಹೋಗಿ ಕೆಮ್ಮಿದಳು. ಅವ್ವ ತೊಡೆ ಚಿವುಟಿದಳು.

ಕೋಪ ಗೊತ್ತಿರಲಿಲ್ಲವಂತೆ! ನೀರಿನ ಸರದಿ ತಪ್ಪಿಸಿದವರ ಕೊಡವನ್ನು ಗಂಗಪ್ಪಜ್ಜ ರಸ್ತೆಗೆ ಉರುಳಿಸುತ್ತಿದ್ದ. ಒಮ್ಮೆ ಇದೇ ಓನರ್ ಕೊಡವೂ ಉರುಳಿತ್ತು. ಸತ್ತು ಹನ್ನೊಂದು ದಿನಕ್ಕೇ ಮನುಷ್ಯ ದೇವರಾಗಿಬಿಟ್ಟರೆ ಹೇಗೆ? ಓನರ್ ಬೆನ್ನ ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಂತೂ ಅಜ್ಜನ ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದ್ದರು. ಅಜ್ಜ ನೋಡಿದ್ದರೆ ಅದನ್ನು ಕಿತ್ತು ಬಚ್ಚಲಿಗೆ ಪರದೆ ಮಾಡುತ್ತಿದ್ದ.

ಚಂದಾಪುರದ ಈ ವಠಾರದಲ್ಲಿ ಹದಿನಾರು ಬಾಡಿಗೆ ಮನೆ. ನೀರಿನ ಟ್ಯಾಂಕರ್ ಬರುವುದು ವಾರಕ್ಕೆ ಎರಡೇ ಸಲ. ಯಾರ ಮನೆಗೆ ಎಷ್ಟು ಹೊತ್ತು ಪೈಪ್ ಎಂದು ಮೊದಲೆಲ್ಲ ಜಗಳವೋ ಜಗಳ. ಗಂಗಪ್ಪಜ್ಜ ಊರಲ್ಲಿದ್ದಾಗ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವನು. ಒಂದು ದಿನ ಅದನ್ನು ಹೊತ್ತು ತಂದು ಟ್ಯಾಂಕರ್ ಪಕ್ಕ ಕೂತ.

"ಒಂದ್ ಮನಿಗೆ ಒಂದ್ ಹಾಡು. ಹಾಡು ಮುಗೀತು, ಪೈಪು ಮುಂದಿನವ್ರಿಗೆ. ತಕರಾರು ಮಾಡಿದ್ರ ನೀರಿಲ್ಲ!"

ಸಂಬಳವಿಲ್ಲದ ಈ ಕೆಲಸವನ್ನು ಆರು ವರ್ಷ ಮಾಡಿದ. ಹಾರ್ಮೋನಿಯಂನ ಒಂದು ಕೀ ಕೆಟ್ಟಿತ್ತು. ಆ ಸ್ವರ ಬಂದಾಗಲೆಲ್ಲ ಅಜ್ಜ ಬಾಯಲ್ಲೇ "ಆಂ" ಎಂದು ಸೇರಿಸುತ್ತಿದ್ದ.

ಶೈಲಶ್ರೀಗೆ ಅಜ್ಜನ ಮೇಲೆ ಸಿಟ್ಟಿತ್ತು. ಅವನು ಸಾಯುವ ಮುಂಚಿನ ಶನಿವಾರ ಇವರ ಮನೆಯ ಸರದಿ ಬಂದಾಗ ಹಾಡನ್ನು ಗಡಿಬಿಡಿಯಲ್ಲಿ ಓಡಿಸಿಬಿಟ್ಟಿದ್ದ. ಯಾವಾಗಲೂ ಎಂಟು ಕೊಡ ತುಂಬುತ್ತಿದ್ದವು, ಅಂದು ಆರೇ.

"ನೀ ಮೋಸಗಾರ, ಅಜ್ಜಾ!" ಎಂದು ಅವಳು ಎಲ್ಲರೆದುರು ಕೂಗಿದ್ದಳು. ಅಜ್ಜ ಏನೂ ಹೇಳದೆ ಮುಂದಿನ ಹಾಡು ಶುರುಮಾಡಿದ್ದ. ನಾಲ್ಕು ದಿನ ಅವಳು ಮಾತು ಬಿಟ್ಟಳು. ಐದನೇ ದಿನ ಅಜ್ಜ ನಿದ್ದೆಯಲ್ಲೇ ಹೋಗಿಬಿಟ್ಟ. ಇವತ್ತಿಗೂ ಅವಳ ಸಿಟ್ಟು ಹೋಗಿರಲಿಲ್ಲ, ಅಳುವೂ ಬಂದಿರಲಿಲ್ಲ.

"ಈಗ ಮಕ್ಕಳ ಪರವಾಗಿ ಶೈಲಶ್ರೀ," ಎಂದ ಓನರ್.

ಪಕ್ಕದ ಮನೆಯ ಈರಣ್ಣಮಾಮ ಬರೆದುಕೊಟ್ಟ ಚೀಟಿ ಅವಳ ಕೈಲಿತ್ತು. ಓದತೊಡಗಿದಳು.

"ಗಂಗಪ್ಪಜ್ಜ ಎಲ್ಲರನ್ನೂ ಸಮನಾಗಿ..."

ಅವಳು ಚೀಟಿ ಮಡಚಿದಳು.

"ಇದು ಸುಳ್ಳು! ಅಜ್ಜ ಮೋಸ ಮಾಡ್ತಿದ್ದ. ಕಡೀ ಶನಿವಾರ ನಮ್ಮ ಹಾಡು ಓಡಿಸಿಬಿಟ್ಟ!"

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜನ ಹೆಂಡತಿ ಹೊಳೆವ್ವಜ್ಜಿ ಮುಂದೆಯೇ ಕೂತಿದ್ದಳು. ಅವಳತ್ತ ನೋಡಲು ಶೈಲಶ್ರೀಗೆ ಹೆದರಿಕೆಯಾಯಿತು.

"ಖರೇ ಐತಿ," ಎಂದಳು ಹೊಳೆವ್ವಜ್ಜಿ. "ಮಹಾ ಮೋಸಗಾರ. ನನ್ ಜೋಡಿ ಇಸ್ಪೀಟ್ ಆಡಿದ್ರೂ ಎಲಿ ಮುಚ್ಚಿಡಾಂವ!"

ಎಲ್ಲರೂ ಗೊಳ್ಳೆಂದು ನಕ್ಕರು. ಆಗ ಹಿಂದಿನ ಸಾಲಿನಿಂದ ಭಾಗ್ಯಶ್ರೀ ಅಕ್ಕ ಎದ್ದು ನಿಂತಳು. ಸೊಂಟದ ಮೇಲೆ ಅವಳ ಕೂಸು.

"ಶೈಲೂ, ಅವತ್ತು ನಿಮ್ ನಂತರ ನನ್ನ ಸರದಿ ಇತ್ತು. ಕೂಸಿಗೆ ಲೂಸ್ ಮೋಷನ್. ತೊಳಿಯೂ ಬಟ್ಟಿ-ಅರಬಿ ರಾಶಿ ಬಿದ್ದಿದ್ವು. ನಾ ಯಾರಿಗೂ ಹೇಳಿರ್ಲಿಲ್ಲ, ಅಜ್ಜ ನನ್ ಅರಬಿ ಬುಟ್ಟಿ ನೋಡಿದ ಅಷ್ಟ. ನನ್ ಸರದಿಗೆ ಹಾಡು ಮುಗಿಸ್ಲೇ ಇಲ್ಲ ನೋಡವಾ. ಹತ್ತು ಕೊಡ ತುಂಬಿದ್ವು."

ಶೈಲಶ್ರೀ ಮೈಕ್ ಹಿಡಿದೇ ಬೆರಳು ಎಣಿಸಿದಳು. ತಮಗೆ ಎಂಟರ ಬದಲು ಆರು, ಅಕ್ಕನಿಗೆ ಹತ್ತು. ಅದು ಒಂದನೇ ಕ್ಲಾಸಿನ ಲೆಕ್ಕ, ಅವಳು ಐದನೇ ಕ್ಲಾಸು. ಅಷ್ಟು ಜನರೆದುರು ಮೋಸಗಾರ ಅನ್ನಿಸಿಕೊಂಡರೂ ಅಜ್ಜ ಬಾಯಿ ಬಿಟ್ಟಿರಲಿಲ್ಲ.

ಹನ್ನೊಂದು ದಿನ ಬಾರದ ಅಳು ಈಗ ಬಂತು. ಅದೂ ಮೈಕಿನಲ್ಲಿ, ಇಡೀ ಬೀದಿಗೆ ಕೇಳುವಂತೆ. ಈರಣ್ಣಮಾಮನ ಚೀಟಿಯಲ್ಲೇ ಮೂಗು ಒರೆಸಿಕೊಂಡಳು.

"ಕೂಸು ಈಗ ಹೆಂಗೈತಿ ಅಕ್ಕಾ?"

"ಗುಂಡ್ಕಲ್ಲಿನಂಗ ಐತಿ," ಎಂದು ಭಾಗ್ಯಶ್ರೀ ಅಕ್ಕ ಕೂಸನ್ನು ಮೇಲೆತ್ತಿ ತೋರಿಸಿದಳು.