ತಿದ್ದಿ ಕಳಿಸಿದ ಹಾಡು

ಕನ್ನಡಕದ ಅಂಗಡಿಯವಳಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೇ. ಅಂಗಡಿಯಲ್ಲಿ ರೇಡಿಯೋ ಹಾಡಿದರೆ ಹಾಡಲಿ, ನಿಂತರೆ ನಿಲ್ಲಲಿ. ಇಂಥವಳು ಶನಿವಾರ ಸಂಜೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು, ಪಾಶ್ಚಾತ್ಯ ಧಾಟಿಯ ಶಾಸ್ತ್ರೀಯ ಗೀತೆಗಳನ್ನು ಕೇಳುವುದು ಹೇಗೆ ಎಂದು ಕಲಿಸುವ ಆನ್‌ಲೈನ್ ಕ್ಲಾಸಿಗೆ ಕೂತಳೆಂದರೆ, ಅದು ಅವಳ ಅಕ್ಕನ ಕಾಟ. ಅಕ್ಕನ ಸಂಸಾರ ಕೆಳಗಿನ ಮನೆಯಲ್ಲಿ, ಇವಳೊಬ್ಬಳೇ ಮೇಲಿನ ಮನೆಯಲ್ಲಿ. ನಿಶ್ಚಯವಾಗಿದ್ದ ಮದುವೆ ಮುರಿದ ಮೇಲೆ ತಂಗಿ ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ ಆಗಿಹೋದಳಲ್ಲ ಎಂಬುದು ಅಕ್ಕನ ಕೊರಗು. ನಾಲ್ಕು ಜನರ ಮುಖವನ್ನಾದರೂ ನೋಡಲಿ ಎಂದು ತಾನೇ ಹೆಸರು ಬರೆಸಿಬಿಟ್ಟಿದ್ದಳು.

ಕಲಿಸುವವರು ಒಂದು ಕಾಲಕ್ಕೆ ವೇದಿಕೆಯ ಮೇಲೆ ಹಾಡಿದ ಹಿರಿಯ ಹೆಂಗಸು. ಎಲ್ಲರಿಗೂ ಟೀಚರಮ್ಮ. ಒಬ್ಬರ ಹೆಸರೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಆದ್ದರಿಂದ ಕಸುಬಿನ ಮೇಲೆಯೇ ಕರೆಯುತ್ತಿದ್ದರು. ನರ್ಸಮ್ಮ, ಬ್ಯಾಂಕು, ಕನ್ನಡಕ, ಲಿಫ್ಟು. ಕವಿ ಬರೆದ ಪದ್ಯ, ಅದನ್ನು ಹಾಡಲು ಒಂದೇ ಒಂದು ದನಿ, ಪಕ್ಕದಲ್ಲಿ ಒಂದು ಪಿಯಾನೋ, ಇಷ್ಟೇ ಈ ಹಾಡುಗಳ ಬಂಡವಾಳ ಎಂದು ಹೇಳಿ ಮೊದಲ ದಿನವೇ ಒಂದನ್ನು ಕೇಳಿಸಿದರು. ಕನ್ನಡಕಕ್ಕೆ ಏನು ಕೇಳಿಸಿತು ಎಂದು ಕೇಳಿದರು.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಒಬ್ಬ ಹೆಂಗಸು ಹಾಡುತ್ತಿದ್ದಳು, ಹಿಂದುಗಡೆ ಯಾರೋ ಪಿಯಾನೋ ಕುಟ್ಟುತ್ತಿದ್ದರು ಎಂದಳು. ಮೂಲೆಯ ಚೌಕದಲ್ಲಿದ್ದ ಗಂಡಸು ಗೊಳ್ಳೆಂದು ನಕ್ಕ. ಮೈಕು ಆನ್ ಇತ್ತು ಮಹಾರಾಯನದು. ಇವಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಫೋನು ಮಗುಚಿ ಹಾಕಿ ಎದ್ದುಬಿಟ್ಟಳು. ಅಷ್ಟರಲ್ಲಿ ಮೆಸೇಜು ಬಂತು: ‘ಕ್ಷಮಿಸಿ ಮೇಡಂ, ನನಗೂ ಹಾಗೇ ಕೇಳಿಸಿದ್ದು. ಹೇಳೋಕೆ ಧೈರ್ಯ ಇರಲಿಲ್ಲ, ನೀವು ಹೇಳಿಬಿಟ್ರಲ್ಲ ಅಂತ ನಗು ಬಂತು.’ ಅವಳು ಫೋನನ್ನು ಮತ್ತೆ ಡಬ್ಬಿಗೆ ಒರಗಿಸಿದಳು.

ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಆ ತುದಿಯವನು. ಕ್ಲಾಸಿಗೆ ಕೂರುತ್ತಿದ್ದುದು ಯಾವುದಾದರೊಂದು ಎತ್ತರದ ಕಟ್ಟಡದ ಮೇಲಿನ ಮೆಷಿನ್ ರೂಮಿನಲ್ಲಿ. ಹಿಂದೆ ಕೇಬಲ್ ಸುರುಳಿ, ಎಣ್ಣೆ ಡಬ್ಬ, ಪಕ್ಕದಲ್ಲಿ ಗುಂಯ್ಗುಡುವ ಮೋಟರು. ಟೀಚರಮ್ಮ ಇಬ್ಬಿಬ್ಬರನ್ನು ಜೊತೆ ಮಾಡಿದಾಗ ಕನ್ನಡಕಕ್ಕೆ ಲಿಫ್ಟು ಗಂಟುಬಿದ್ದ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ಹಾಡನ್ನು ಒಟ್ಟಿಗೆ ಕೇಳಬೇಕು, ಕೇಳಿದ್ದನ್ನು ಹಂಚಿಕೊಳ್ಳಬೇಕು. ಅದು ಹೋಂವರ್ಕು.

ಅವಳ ಕಿವಿ ತೆರೆಸಿದವನು ಅವನೇ ಅನ್ನಬೇಕು. ದನಿಯನ್ನು ಬಿಟ್ಟು ಪಿಯಾನೋದ ಕೆಳಸ್ವರ ಹಿಡಿದು ಹೋಗಿ ಎಂದ. “ಲಿಫ್ಟಲ್ಲಿ ಹೋಗೋರು ಬಾಗಿಲು ನೋಡ್ತಾರೆ. ನಾನು ಮೇಲೆ ಕೂತು ಹಗ್ಗದ ಸದ್ದು ಕೇಳ್ತೀನಿ. ಭಾರ ಎಷ್ಟಿದೆ ಅಂತ ಅದು ಹೇಳುತ್ತೆ.” ಅವಳು ಹಾಗೆಯೇ ಕೇಳಿದಳು. ಕುಟ್ಟುವ ಸದ್ದು ಹೋಗಿ, ಹಾಡುವವಳು ಬಾಯಿಬಿಟ್ಟು ಹೇಳದ್ದನ್ನು ಇನ್ನಾರೋ ಹೇಳುತ್ತಿರುವಂತೆ ಕೇಳಿಸಿತು. ಹಾಡು ಮುಗಿದರೂ ಇಬ್ಬರೂ ಫೋನಿಡಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವಳೊಂದು ಹುಡುಗಾಟ ಶುರುಮಾಡಿದಳು. ಅಂಗಡಿಯಿಂದ ವಾರಕ್ಕೊಂದು ಹೊಸ ಫ್ರೇಮು ತಂದು ಹಾಕಿಕೊಂಡು ಕ್ಲಾಸಿಗೆ ಕೂರುವುದು. ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದಳು. ಒಂದು ಸಂಜೆ ಅವನು ಫೋನಿನಲ್ಲಿ, ಇವತ್ತಿನ ಕಂದು ಬಣ್ಣಕ್ಕಿಂತ ಹೋದ ವಾರದ್ದೇ ಒಪ್ಪುತ್ತಿತ್ತು ಎಂದ.

“ನೀವು ಹಾಡು ಕೇಳೋಕೆ ಬರ್ತೀರೋ, ನನ್ನ ಕನ್ನಡಕ ನೋಡೋಕೆ ಬರ್ತೀರೋ?”

“ಎರಡಕ್ಕೂ ಒಂದೇ ಫೀಸಲ್ವಾ.”

ಅವಳ ಕೆನ್ನೆ ಬಿಸಿಯಾಯಿತು. ಸದ್ಯ, ಅದು ವೀಡಿಯೋ ಕಾಲ್ ಆಗಿರಲಿಲ್ಲ. ಮಾತು ತಿರುಗಿಸಲು, ಫೋನನ್ನು ತೋಳುದ್ದ ದೂರ ಹಿಡಿದು ಓದುವ ಅವನಿಗೇ ಮೊದಲು ಕನ್ನಡಕ ಬೇಕು ಎಂದು ರೇಗಿಸಿದಳು. ಬರುತ್ತೇನೆ, ನಿಮ್ಮ ಅಂಗಡಿಗೇ ಬರುತ್ತೇನೆ ಎಂದ ಅವನು. ಬರಲಿಲ್ಲ. ಇವಳೂ ಕರೆಯಲಿಲ್ಲ. ಅರ್ಧ ದಿನದ ದಾರಿಯೇನಲ್ಲ, ಬಸ್ ಹತ್ತಿದರೆ ಸಾಕಿತ್ತು. ಆದರೆ ಪರದೆಯ ಮೇಲೆ ಇರುವ ಧೈರ್ಯ ಎದುರಿಗೆ ಇರುತ್ತದೋ ಇಲ್ಲವೋ ಎಂಬ ಅಳುಕು ಇಬ್ಬರಿಗೂ ಇತ್ತು. ಯಾವಾಗಿನಿಂದಲೋ ಅವನು ‘ಮೇಡಂ’ ಎನ್ನುವುದನ್ನು ಬಿಟ್ಟಿದ್ದ. ಅಷ್ಟೇ ಅವರ ಮುಂದುವರಿಕೆ.

ಕ್ಲಾಸು ಮುಗಿಯುವ ಹೊತ್ತಿಗೆ ಅವನಿಗೆ ಬಡ್ತಿ ಬಂತು. ಕಂಪನಿಯವರು ದೂರದ ಬಂದರು ಪಟ್ಟಣದಲ್ಲಿ ಹೊಸ ಶಾಖೆ ತೆರೆಯುತ್ತಿದ್ದಾರೆ, ಮೇಲ್ವಿಚಾರಕನಾಗಿ ಹೋಗು ಅನ್ನುತ್ತಿದ್ದಾರೆ, ಒಂದು ವಾರದಲ್ಲಿ ಹೂಂ ಅಥವಾ ಉಹೂಂ ಹೇಳಬೇಕು. ಇದನ್ನೆಲ್ಲ ಹೇಳಿ, ಇಲ್ಲೇ ಇರಲು ಒಂದು ಕಾರಣ ಸಿಕ್ಕರೆ ಉಹೂಂ ಅನ್ನುತ್ತೇನೆ ಎಂದ. ಇಲ್ಲೇ ಇರಿ ಎನ್ನಬೇಕೆನಿಸಿತು ಅವಳಿಗೆ. ಬಾಯಿ ಮಾತ್ರ, ಅಂಗಡಿಯಲ್ಲಿ ಗಿರಾಕಿಗೆ ಹೇಳುವಂತೆ, ನಿಧಾನವಾಗಿ ಯೋಚನೆ ಮಾಡಿ, ಅವಸರವೇನಿಲ್ಲ ಎಂದಿತು. ಹಿಂದೊಮ್ಮೆ ಹೋಗಬೇಡ ಎಂದು ಒಬ್ಬನನ್ನು ಕೇಳಿಕೊಂಡು ಹಗುರಾದವಳು ಅವಳು. ಮತ್ತೆ ಆ ಮಾತು ಬಾಯಿಗೆ ಬರುವುದು ಸುಲಭವಿರಲಿಲ್ಲ.

ಅದೇ ವಾರ ಟೀಚರಮ್ಮ ಕೊನೆಯ ಹೋಂವರ್ಕು ಕೊಟ್ಟರು. ಒಬ್ಬೊಬ್ಬರೂ ಒಂದು ಹಾಡು ಹಾಡಿ ಜೊತೆಯವರಿಗೆ ಕಳಿಸಬೇಕು, ಅವರು ಕೇಳಿ ತಮ್ಮ ಅಭಿಪ್ರಾಯ ಬರೆಯಬೇಕು. ಹೇಗಾದರೂ ಹಾಡಿ, ದೇವರೇನೂ ಕೋಪಿಸಿಕೊಳ್ಳುವುದಿಲ್ಲ ಎಂದರು.

ಅವನು ದೋಣಿಯವನ ಹಾಡು ಹಾಡಿ ಕಳಿಸಿದ. ಕ್ಲಾಸಿನಲ್ಲಿ ಎಲ್ಲರೂ ಕೇಳಿದ್ದ ಹಾಡೇ. ದೋಣಿಯವನು ದಡದ ಮೇಲಿರುವ ಹೆಣ್ಣನ್ನು ಕೇಳುತ್ತಾನೆ: ಹಗ್ಗ ಕಟ್ಟಲೇ, ಇಲ್ಲ ಬಿಚ್ಚಲೇ? ನೀನು ಹೇಳಿದಂತೆ. ಅವಳು ಉತ್ತರ ಕೊಟ್ಟಳೋ ಇಲ್ಲವೋ ಎಂದು ಪದ್ಯ ಹೇಳುವುದಿಲ್ಲ. ಅವನು ಅದನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿದ ಲಿಫ್ಟಿನೊಳಗೆ ನಿಂತು, ಇನ್ನೊಂದು ಫೋನಿನಲ್ಲಿ ಪಿಯಾನೋ ಹಾಕಿಕೊಂಡು ಹಾಡಿದ್ದ, ಅಲ್ಲಿ ದನಿ ತುಂಬಿಕೊಳ್ಳುತ್ತದಂತೆ. ನಡುವೆ ಯಾರೋ ಹೊರಗಿನಿಂದ ಬಾಗಿಲು ಬಡಿದದ್ದೂ ಕೇಳುತ್ತಿತ್ತು. ದೊಡ್ಡ ಗಾಯಕನೇನಲ್ಲ, ಆದರೆ ಕಪಟವಿಲ್ಲದ ದನಿ.

ಈಗ ನೋಡಿ, ಈ ಹೆಣ್ಣು ಏನು ಮಾಡಿದಳು ಅಂತ. ಇವನಿಂದ ಎಷ್ಟು ಕಲಿತೆ ಎಂದು ಇವನಿಗೇ ತೋರಿಸಬೇಕು ಎಂಬ ಉಮೇದು ಹುಟ್ಟಿತು ಅವಳಿಗೆ. ಅಂಗಡಿಯ ಬಾಗಿಲೆಳೆದುಕೊಂಡು, ಇಯರ್‌ಫೋನ್ ಹಾಕಿಕೊಂಡು, ಮತ್ತೆ ಮತ್ತೆ ಕೇಳಿದಳು. ಒಂದು ಉಸಿರು, ಒಂದು ಅಕ್ಷರ ಬಿಡಲಿಲ್ಲ. ಆಮೇಲೆ ಉದ್ದಕ್ಕೆ ಬರೆದಳು. ಆರಂಭ ತುಸು ಅವಸರವಾಯಿತು, ಪಿಯಾನೋಕ್ಕೆ ಕಾಯಬೇಕಿತ್ತು. ‘ಕಟ್ಟಲೇ’ ಎಂಬಲ್ಲಿ ಸ್ವರ ಚೆನ್ನಾಗಿ ನಿಂತಿದೆ. ‘ಬಿಚ್ಚಲೇ’ ಎನ್ನುವ ಮೊದಲು ಉಸಿರು ಮುರಿದಿದೆ, ಅಲ್ಲಿ ಒಂದೇ ಉಸಿರಿನಲ್ಲಿ ಹೋಗಬೇಕು. ಕೊನೆಯ ಸಾಲು ನಡುಗಿದೆ, ಅಭ್ಯಾಸ ಮಾಡಿದರೆ ಸರಿಹೋದೀತು. ಬರೆದು ಮುಗಿಸಿ, ತನಗೆ ತಾನೇ ಬೆನ್ನು ತಟ್ಟಿಕೊಂಡು ಕಳಿಸಿದಳು. ಪ್ರೀತಿಯಿಂದಲೇ ಬರೆದದ್ದು ಅದು, ಪಾಪ. ಓದಿದವರಿಗೆ ಹಾಗನ್ನಿಸುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ಥ್ಯಾಂಕ್ಸ್ ಮೇಡಂ. ತಿದ್ದಿಕೊಳ್ತೀನಿ.’

ಮೇಡಂ ಎಂಬುದು ಅವಳಿಗೆ ಚುಚ್ಚಿತು, ಯಾಕೆಂದು ಹೊಳೆಯಲಿಲ್ಲ. ಹೊಳೆದದ್ದು ಮಾರನೆಯ ಬೆಳಿಗ್ಗೆ. ಅಕ್ಕನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಆ ಹಾಡನ್ನು ಜೋರಾಗಿ ಹಾಕಿದ್ದಳು. ಅಕ್ಕನಿಗೆ ಸಂಗೀತದ ತಲೆಬುಡ ತಿಳಿಯದು. ಸೌಟು ಹಿಡಿದುಕೊಂಡೇ ನಿಂತು ಕೇಳಿ, “ಯಾರೇ ಇವನು? ಪಾಪ, ನಿನ್ನನ್ನ ಏನೋ ಕೇಳ್ತಿದಾನಲ್ಲೇ. ಏನಂದೆ?” ಎಂದಳು.

ತಂಗಿ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅವಳು ಏನಂದಿದ್ದಳು? ಉಸಿರು ಮುರಿದಿದೆ ಅಂದಿದ್ದಳು.

ಆಗಲೇ ಫೋನ್ ಮಾಡಬಹುದಿತ್ತು. ವಾರ ಇನ್ನೂ ಮುಗಿದಿರಲಿಲ್ಲ. ಮಾಡು ಮಾಡು ಎಂದು ಅಕ್ಕ ತಲೆ ಚಚ್ಚಿಕೊಂಡಳು. ಇವಳಿಗೆ ನಾಚಿಕೆ, ಜೊತೆಗೊಂದಿಷ್ಟು ಬಿಂಕ. ಅಷ್ಟಕ್ಕೂ ಅದು ಹೋಂವರ್ಕಿನ ಹಾಡೇ ಆಗಿದ್ದರೆ? ಅವನ ಮನಸ್ಸಿನಲ್ಲಿ ಇದ್ದದ್ದೇ ಹೌದಾದರೆ ಇನ್ನೊಮ್ಮೆ ಬಾಯಿಬಿಟ್ಟು ಕೇಳುತ್ತಾನೆ, ಕೇಳಿದ ಕೂಡಲೇ ಹೂಂ ಅಂದುಬಿಡುತ್ತೇನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಶನಿವಾರ, ಒಪ್ಪುತ್ತದೆ ಎಂದು ಅವನು ಹೇಳಿದ್ದ ಫ್ರೇಮನ್ನೇ ಹಾಕಿಕೊಂಡು ಕೂತಳು. ಮೂಲೆಯ ಚೌಕ ಖಾಲಿ ಇತ್ತು. ಲಿಫ್ಟು ಬಂದರು ಪಟ್ಟಣಕ್ಕೆ ಹೊರಟುಬಿಟ್ಟನಂತೆ, ಎಲ್ಲರಿಗೂ ವಂದನೆ ತಿಳಿಸಿದ್ದಾನೆ ಎಂದು ಟೀಚರಮ್ಮ ಹೇಳಿದರು.

ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಅನ್ನುತ್ತಾರೆ. ಬಂದ ಬುದ್ಧಿಯನ್ನು ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಅವಳು ಅಂಗಡಿ ನಡೆಸಿದಳು, ಹಾಡು ಕೇಳಿದಳು, ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಒಂದು ವರ್ಷ ಕಳೆಯಿತು, ಅದರ ಮೇಲೂ ಕೆಲವು ತಿಂಗಳು.

ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಅವನು ಬಂದ. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರ, ಕಿವಿಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು. ಆಫೀಸಿನ ಕೆಲಸಕ್ಕೆ ಬಂದಿದ್ದೆ, ಸಂಜೆಯೇ ವಾಪಸ್ಸು, ಅಂಗಡಿಗೆ ಬರುತ್ತೇನೆಂದು ಯಾವಾಗಲೋ ಮಾತು ಕೊಟ್ಟಿದ್ದೆನಲ್ಲ ಎಂದು ನಕ್ಕ. ಅದೇ ನಗು. ಅವಳು ಲೆನ್ಸ್ ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದಳು.

ಒಳಕೋಣೆಯಲ್ಲಿ ಕೂರಿಸಿ ಕಣ್ಣು ಪರೀಕ್ಷೆ ಮಾಡಿದಳು. ಹತ್ತಿರದ ಅಕ್ಷರ ಮಸುಕು, ವಯಸ್ಸಿನದು, ಹೆದರುವಂಥದ್ದೇನಿಲ್ಲ. ಇನ್ನು ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಎದುರಾಬದುರು, ಮೊಳದಷ್ಟು ಹತ್ತಿರ ಕೂರಬೇಕು, ಮೂಗಿನ ಮೇಲೆ ಸಣ್ಣ ಅಳತೆಪಟ್ಟಿ ಇಡಬೇಕು. ನನ್ನ ಈ ಕಣ್ಣು ನೋಡಿ, ಈಗ ಆ ಕಣ್ಣು ನೋಡಿ ಎಂದು ದಿನಾ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. ಅವನು ನೋಡಿದ. ರೆಪ್ಪೆ ಬಡಿಯದೆ, ಹೇಳಿದ ಮಾತು ಕೇಳುವ ಮಗುವಿನಂತೆ ನೋಡಿದ. ಮತ್ತೊಮ್ಮೆ ಅಳೆದಳು, ಮಗದೊಮ್ಮೆ ಅಳೆದಳು. ಇವತ್ತು ಹೇಳಿಯೇಬಿಡುತ್ತೇನೆ, ಹೋಗುವ ಮುಂಚೆ ಹೇಳಿಯೇಬಿಡುತ್ತೇನೆ ಎಂದು ಒಳಗೊಳಗೇ ಗಟ್ಟಿ ಮಾಡಿಕೊಂಡಳು.

ಕನ್ನಡಕ ತಯಾರಾಗಲು ಸಮಯ ಬೇಕು, ಕೊರಿಯರ್‌ನಲ್ಲಿ ಕಳಿಸುತ್ತೇನೆ ಎಂದು ವಿಳಾಸ ಕೇಳಿದಳು. ಅವನು ಹೇಳಿದ, ಇವಳು ಬರೆದುಕೊಂಡಳು. ಆಮೇಲೆ ಅವನು ತುಸು ತಡೆದು, ಹಗಲು ನಾನಿರುವುದಿಲ್ಲ, ನನ್ನ ಹೆಂಡತಿ ಇರುತ್ತಾಳೆ, ಅವಳ ಫೋನ್ ನಂಬರನ್ನೇ ಹಾಕಿ ಎಂದ.

ಅವಳು ನಂಬರು ಬರೆದುಕೊಂಡಳು. ಮದುವೆ ಯಾವಾಗ ಆಯಿತು ಎಂದು ಕೇಳಿದಳು. ಹೋದ ವರ್ಷದ ಕೊನೆಯಲ್ಲಿ ಎಂದ. ಒಳ್ಳೆಯದಾಯಿತು ಎಂದಳು. ದನಿ ನಡುಗದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದು ತಿಳಿಯಿತು.

ಅವನು ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

“ಒಂದು ಕೇಳ್ಲಾ? ಅವತ್ತು ನಾನು ಹಾಡಿದ್ದು ನಿಮಗೆ ಅರ್ಥ ಆಗಿತ್ತಾ?”

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಲು ಬರುವುದಿಲ್ಲವಲ್ಲ.

“ಬರೆದಾಗ ಆಗಿರಲಿಲ್ಲ. ಮಾರನೇ ದಿನ ಆಯ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಇನ್ನೊಂದ್ಸಲ ಕೇಳ್ತೀರಿ ಅಂದ್ಕೊಂಡೆ.”

ಅವನು ನಗಲು ನೋಡಿದ, ಆಗಲಿಲ್ಲ. “ಬಟನ್ ಒಂದ್ಸಲ ಒತ್ತಿದ್ರೆ ಸಾಕು, ಹತ್ತು ಸಲ ಒತ್ತಿದ್ರೆ ಲಿಫ್ಟ್ ಬೇಗ ಬರಲ್ಲ ಅಂತ ದಿನಾ ಜನಕ್ಕೆ ಹೇಳ್ತೀನಿ. ನಾನೂ ಒಂದೇ ಸಲ ಒತ್ತಿ ಹೊರಟುಬಿಟ್ಟೆ.” ಆಮೇಲೆ ಕೇಳಿದ, “ಕೇಳಿದ್ದಿದ್ರೆ?”

“ಹೋಗಬೇಡಿ ಅಂತಿದ್ದೆ.”

ಹೊರಗೆ ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟಿತು. ಅವನು ತಲೆ ತಗ್ಗಿಸಿ, ನನ್ನ ಹೆಂಡತಿ ತುಂಬಾ ಒಳ್ಳೆಯವಳು ಎಂದ. ಗೊತ್ತಾಗುತ್ತದೆ, ಇಲ್ಲದಿದ್ದರೆ ನೀವು ಇಷ್ಟು ನಿರಾಳವಾಗಿ ಇಲ್ಲಿಗೆ ಬರುತ್ತಿರಲಿಲ್ಲ ಎಂದಳು ಇವಳು. ಈಗಲೂ ಹಾಡುತ್ತೀರಾ ಎಂದು ಕೇಳಿದಳು. ಆ ಮೇಲೆ ಹಾಡಿಲ್ಲ, ಕೇಳುವುದನ್ನೂ ಬಿಟ್ಟೆ ಎಂದ.

“ಬಿಡಬೇಡಿ,” ಎಂದಳು. “‘ಬಿಚ್ಚಲೇ’ ಅನ್ನೋ ಮುಂಚೆ ಉಸಿರು ಮುರೀಬೇಕಾಗಿತ್ತು. ನೀವು ಹಾಡಿದ್ದು ಸರಿಯಾಗೇ ಇತ್ತು. ನಾನು ಬರೆದದ್ದು ತಪ್ಪು.”

ಅವನು ಅವಳನ್ನು ನೋಡಿದ. ಈ ಸಲ ಯಾರೂ ನೋಡಿ ಎಂದು ಹೇಳಿರಲಿಲ್ಲ. ಆಮೇಲೆ ಬಾಗಿಲು ತೆರೆದುಕೊಂಡು ಹೋದ.

ಆ ಕನ್ನಡಕವನ್ನು ಅವಳು ತಾನೇ ಕೂತು ಮಾಡಿದಳು. ಅಂಚು ಉಜ್ಜುವಾಗ ಒಂದೆರಡು ಸಲ ಕಣ್ಣು ತುಂಬಿ ಬಂತು, ಮೆಷಿನ್ ನಿಲ್ಲಿಸಿ ಒರೆಸಿಕೊಂಡು ಮತ್ತೆ ಮಾಡಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಕೊರಿಯರ್‌ಗೆ ಕೊಟ್ಟಳು.

ವಾರವಾಗಿರಬೇಕು, ಗುರುತಿಲ್ಲದ ಒಂದು ಎಳೆಯ ದನಿ ಫೋನ್ ಮಾಡಿತು. ಅವನ ಹೆಂಡತಿ. ಕನ್ನಡಕ ಬಂದು ತಲುಪಿತು, ಚೆನ್ನಾಗಿ ಕಾಣುತ್ತದಂತೆ, ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡೇ ಓದುತ್ತಾರೆ ಎಂದು ಖುಷಿಯಿಂದ ಹೇಳಿದಳು. ಆಮೇಲೆ ಸಂಕೋಚದಿಂದ, ಇವರು ಮತ್ತೆ ಹಾಡಲು ಶುರು ಮಾಡಿದ್ದಾರೆ, ನೀವೇ ಹೇಳಿದಿರಂತೆ ಎಂದಳು.

“ನನಗೆ ಆ ಹಾಡುಗಳದ್ದು ಏನೂ ಗೊತ್ತಾಗಲ್ಲ ಅಕ್ಕಾ. ಹೇಗಿದೆ ಅಂತ ನನ್ನ ಮುಖ ನೋಡ್ತಾರೆ, ಏನು ಹೇಳಬೇಕೋ ತಿಳಿಯಲ್ಲ. ಹೇಗೆ ಕೇಳಬೇಕು ಅಂತ ನೀವು ಸ್ವಲ್ಪ ಹೇಳಿಕೊಡ್ತೀರಾ?”

ಕನ್ನಡಕದ ಅಂಗಡಿಯವಳು ಸ್ಟೂಲಿನ ಮೇಲೆ ಕೂತಳು.

“ಕಲಿಯೋದೇನೂ ಇಲ್ಲಮ್ಮ. ಏನು ಹೇಳಬೇಕು ಅಂತ ಯೋಚನೆ ಮಾಡ್ಕೊಂಡು ಕೇಳಬೇಡ. ಅವರು ಹಾಡೋದು ನಿನಗೇ ಅಂದ್ಕೊಂಡು ಕೇಳು. ಮುಗಿದ ಮೇಲೆ ಬಾಯಿಗೆ ಬಂದದ್ದನ್ನ ಆಗಲೇ ಹೇಳಿಬಿಡು, ನಾಳೆಗೆ ಅಂತ ಇಟ್ಕೋಬೇಡ.”

ಇಷ್ಟೇನಾ ಎಂದು ಆ ಹುಡುಗಿ ನಕ್ಕಳು. ಇಷ್ಟೇ ಎಂದು ಇವಳು ಫೋನಿಟ್ಟಳು.