ನಲವತ್ತನೇ ಕಂತಿನ ಕೊನೆಯ ಮಾತು

"ನಗೋದಾದ್ರೆ ಸ್ವಲ್ಪ ಮೆಲ್ಲಗೆ ನಗ್ರೀ... ಇದು ಬಸ್ಸು!"

ಪಕ್ಕದ ಸೀಟಿನ ಯುವಕ ಹೀಗೆ ಸಿಡುಕಿದಾಗ ಗಂಗಾಶ್ರೀಗೆ ಮೈಯೆಲ್ಲ ಉರಿಯಿತು.

ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ಬೆಳಗಿನ ಬಸ್ಸು ಅದು. ಆನವಟ್ಟಿಯ ಕನ್ನಡಕದಂಗಡಿಯೊಂದರಲ್ಲಿ ಅವಳಿಗೆ ಕೆಲಸ. ದಾರಿಯುದ್ದಕ್ಕೂ ಮೊಬೈಲಿನಲ್ಲಿ, ಪರದೆಯ ಕೆಳಗೆ ಮೂಡುವ ಕನ್ನಡ ಸಾಲುಗಳನ್ನು ಓದುತ್ತ ಚೀನೀ ಧಾರಾವಾಹಿ ನೋಡುವುದು ಅವಳ ಹೊಸ ಹುಚ್ಚು.

"ನಿಮಗೇನ್ರೀ ಕಷ್ಟ? ಇಲ್ನೋಡ್ರಿ! ಸಾವಿರ ವರ್ಷ ತಪಸ್ಸು ಮಾಡಿದ ದೇವಸೇನಾಪತಿ... ಮೋಡದ ಮ್ಯಾಲೆ ನಿಂತು 'ಎಂತ ಮಾರಾಯ್ತಿ, ಹೀಗಾ ಮಾಡೋದು?' ಅಂತಾನೆ! ಯಾರ್ರೀ ಈ ಕನ್ನಡ ಬರೆದೋರು? ತಲೆ ಕೆಟ್ಟೈತೇನು ಅವ್ರಿಗೆ?"

ಅವನ ಮುಖ ಕೆಂಪಾಯಿತು. "ಯಾರೋ ಪಾಪ, ಬಿಟ್ಟಿ ಕೂತು ಬರೆದಿರ್ತಾರೆ. ಬೇಡ ಅಂದ್ರೆ ಇಂಗ್ಲಿಷಲ್ಲೇ ನೋಡಿ" ಎಂದು ಕಿಟಕಿಯ ಕಡೆ ತಿರುಗಿಬಿಟ್ಟ.

'ಇವನಿಗ್ಯಾಕೆ ಇಷ್ಟು ಕೋಪ?' ಅವಳಿಗೆ ಅರ್ಥವಾಗಲಿಲ್ಲ.

ಧಾರಾವಾಹಿಯ ಹೆಸರು 'ಒಂಬತ್ತನೇ ಮುಗಿಲಿನ ದೀಪ'. ದೀಪದ ಕುಡಿಯಿಂದ ಹುಟ್ಟಿದ ಒಬ್ಬ ಹುಡುಗಿ. ಕತ್ತಿ ಎತ್ತಿದಾಗಲೆಲ್ಲ ಒಂದೊಂದು ನೆನಪು ಕಳೆದುಕೊಳ್ಳುವ ಒಬ್ಬ ಸೇನಾಪತಿ. ಜನ ದೊಡ್ಡ ಹೆಸರಿನ ಸೀರಿಯಲ್ಲುಗಳಿಗೆ ಮುಗಿಬಿದ್ದು ಇಂಥದ್ದನ್ನು ಕಡೆಗಣಿಸಿದ್ದರು. ಕನ್ನಡದ ಸಾಲುಗಳೊಂದಿಗೆ ನೋಡಿದವರಂತೂ ಬರೀ ಹನ್ನೊಂದು ಮಂದಿ!

ಮರುದಿನವೂ ಅವನೇ ಪಕ್ಕದಲ್ಲಿ.

"ನಿನ್ನೆ ಹಾಗೆ ಅಂದಿದ್ದಕ್ಕೆ ಸಾರಿ ರೀ... ಆಮೇಲೆ ಆ ಸೇನಾಪತಿ ಎಂತ ಮಾಡಿದ?"

ಅಷ್ಟು ಕೇಳಿದ್ದೇ ತಡ, ಗಂಗಾಶ್ರೀ ಕೋಪ ಮರೆತು ಕಥೆ ಶುರು ಮಾಡಿದಳು. ಅವನ ಹೆಸರು ಅರುಣ. ಸೊರಬದ ಕಡೆಯವನು. ಶಿಕಾರಿಪುರದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಆನವಟ್ಟಿಯ ಕಾಲೇಜೊಂದರ ಲೈಬ್ರರಿ ಕೆಲಸಕ್ಕೆ ಹೋಗಿಬರುತ್ತಿದ್ದ.

ಎರಡು ತಿಂಗಳು ಹೀಗೇ ನಡೆಯಿತು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಅವಳು ಒಂದು ಕಂತು ನೋಡಿ ಮುಗಿಸುವಳು, ಅಲ್ಲಿಂದಾಚೆಗೆ ಅವನಿಗೆ ಹೇಳುವಳು.

"ಅಯ್ಯೋ, ಇವತ್ತು ಅವ್ನಿಗೆ ಅವಳ ಹೆಸರೇ ಮರೆತು ಹೋತು ನೋಡ್ರಿ!"

"ಹೌದಾ?" ಅವನು ಕಣ್ಣರಳಿಸಿ ಕೇಳುವನು.

ಆದರೆ ಅಷ್ಟರಲ್ಲಿ ಅವಳೊಳಗೆ ಇನ್ನೇನೋ ನಡೆದುಹೋಗಿತ್ತು. ತಾನು ನಕ್ಕು ಹಂಗಿಸಿದ ಆ ಕನ್ನಡವೇ ಅವಳಿಗೆ ಹಿಡಿಸಿಬಿಟ್ಟಿತ್ತು! ಪ್ರತಿ ಕಂತಿನ ಕೊನೆಯಲ್ಲಿ ಬರೆದವರು ತಮ್ಮದೇ ಎರಡು ಮಾತು ಸೇರಿಸುತ್ತಿದ್ದರು. 'ಇವತ್ತಿಗೆ ಇಷ್ಟೇ. ಅತ್ತವರು ಮುಖ ತೊಳ್ಕೊಂಡು ಊಟ ಮಾಡಿ.' ಅದನ್ನು ಅವಳು ಮೂರು ಮೂರು ಸಲ ಓದುವಳು.

'ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ... ನನಗೇನಾಗಿದೆ? ಅತ್ತ ಅರುಣ ಸೀಟು ಹಿಡಿದು ಕಾಯ್ದರೂ ಎದೆ ಹಾರುತ್ತದೆ. ಒಂದೇ ಮನಸ್ಸಿನಲ್ಲಿ ಇಬ್ಬರಾ? ಛೀ, ಗಂಗಾ!'

ನಾಚಿಕೆಯಿಂದ ಅವಳು ಅರುಣನ ಮುಂದೆ ಆ ಕನ್ನಡದ ಮಾತೆತ್ತುವುದನ್ನೇ ಬಿಟ್ಟಳು.

ಮೂವತ್ತೊಂಬತ್ತನೇ ಕಂತು ಬಂತು. ಕೊನೆಯ ನಲವತ್ತನೆಯದು ಕನ್ನಡದಲ್ಲಿ ಬರಲೇ ಇಲ್ಲ. ಇಂಗ್ಲಿಷಿನಲ್ಲಿತ್ತು, ಅವಳು ಮುಟ್ಟಲಿಲ್ಲ. ಹನ್ನೆರಡು ದಿನ ಕಾದಳು. 'ಅವರಿಗೇನಾದರೂ ಆಯಿತಾ?'

ಹನ್ನೆರಡನೇ ದಿನ ಆನವಟ್ಟಿಯಲ್ಲಿ ಬಸ್ಸಿಳಿದ ಮೇಲೆ ಅರುಣ ಅವಳ ದಾರಿಗಡ್ಡ ನಿಂತ.

"ಗಂಗಾಶ್ರೀ... ಭಾನುವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ನಿಮ್ಮನ್ನ ಕೇಳೋಕೆ..."

ಹೂಂ ಎಂದರೆ ಅವನಿಗೆ ಮೋಸ. ಊಹೂಂ ಎಂದರೆ ನಾಳೆಯಿಂದ ಪಕ್ಕದ ಸೀಟಿನಲ್ಲಿ ಅವನಿರುವುದಿಲ್ಲ. ಎರಡೂ ಅವಳಿಂದ ಆಗದು.

"ಸುಳ್ಳು ಹೇಳಾಕ ಬರಂಗಿಲ್ರಿ ನನಗ... ನನ್ನ ಮನಸ್ಸಿನಾಗ ಇನ್ನೊಬ್ರು ಅದಾರೆ."

ಅರುಣನ ಮುಖ ಬಿಳಿಚಿತು. "ಆಯ್ತು... ನಾಳೆಯಿಂದ ನಾನು ಬೇರೆ ಬಸ್ಸಿಗೆ ಬರ್ತೀನಿ" ಎಂದು ಹೊರಟೇಬಿಟ್ಟ.

"ನಿಲ್ರೀ! ಪೂರ್ತಿ ಕೇಳ್ರಿ!" ಅವಳ ಕಣ್ಣು ತುಂಬಿತ್ತು. "ಅವ್ರ ಮುಖಾನೇ ನಾನು ನೋಡಿಲ್ಲ. ನನ್ನ ಧಾರಾವಾಹಿಗೆ ಕನ್ನಡ ಬರೀತಾರಲ್ಲ... ಅವ್ರು! ನಗಬ್ಯಾಡ್ರಿ. ಅವ್ರೂ ಬೇಕು ಅನಸ್ತದ, ನೀವೂ ಬೇಕು ಅನಸ್ತದ... ನನಗ ಏನೂ ತಿಳಿವಲ್ದು!"

ಅವನು ನಗಲಿಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತ. ಮೊಬೈಲಿನಲ್ಲಿ ಏನೋ ತೆರೆದು ಅವಳ ಕೈಗಿತ್ತ.

ಸಾಲು ಸಾಲು ಕನ್ನಡ. ಮೇಲೆ 'ಕಂತು ನಲವತ್ತು' ಎಂದಿತ್ತು. ಕೊಟ್ಟಕೊನೆಗೆ ದೀಪದ ಹುಡುಗಿ ಕೇಳುತ್ತಿದ್ದಳು: 'ನನ್ನ ಹೆಸರೂ ಮರೆತ ಮೇಲೆ, ಇವಳೇ ನನ್ನವಳು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?'

ಅದರ ಕೆಳಗೆ ಸೇನಾಪತಿಯ ಉತ್ತರದ ಜಾಗ ಖಾಲಿ.

"ಇದು... ನಿಮ್ಮ ಹತ್ರ ಹೆಂಗ..." ಅವಳು ತಲೆಯೆತ್ತಿ ಅವನನ್ನು ನೋಡಿದಳು. "ನೀವಾ?!"

ಅವನು ಹೌದೆಂದು ತಲೆಯಾಡಿಸಿದ.

"ಎರಡು ತಿಂಗಳು! ಏನೂ ಗೊತ್ತಿಲ್ಲದೋರ ಹಂಗ ಕಥೆ ಕೇಳಿದ್ರಲ್ರೀ!"

"ಮೊದಲನೇ ದಿನವೇ ಬೈದ್ರಿ, ನಾಚ್ಕೆ ಆಯ್ತು. ಆಮೇಲೆ ನೀವು ಹೇಳೋದನ್ನ ಕೇಳೋದೇ ಖುಷಿ ಅನ್ನಿಸ್ತು. ಅದೆಲ್ಲಿ ನಿಂತು ಹೋಗುತ್ತೋ ಅಂತ ಹೆದರಿಕೆ..."

"ಮತ್ತ ಹನ್ನೆರಡು ದಿನ ಯಾಕ ಕಾಯಿಸಿದ್ರಿ?"

"ಈ ಒಂದು ಸಾಲಿಗೆ. ಇಂಗ್ಲಿಷಲ್ಲಿ ಅವನು 'ನನಗೆ ತಿಳಿಯುತ್ತದೆ' ಅಂತಾನೆ, ಅಷ್ಟೇ. ನನಗೆ ನಂಬಿಕೆನೇ ಬರ್ಲಿಲ್ಲ. ನೀವೇ ಹೇಳಿ, ಎಂತ ಬರೀಲಿ?"

ಗಂಗಾಶ್ರೀ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ಖಾಲಿ ಜಾಗ ತುಂಬಿದಳು.

'ಗೊತ್ತಾಗಲ್ಲ ಕಣೆ. ಪಕ್ಕದಲ್ಲೇ ಕೂತಿದ್ರೂ ಗೊತ್ತಾಗಲ್ಲ. ನೀನೇ ಬಾಯಿಬಿಟ್ಟು ಹೇಳು.'

ಅರುಣ ಓದಿದ. ಮತ್ತೊಮ್ಮೆ ಓದಿದ.

"ಸೇನಾಪತಿ ಇಷ್ಟು ದಡ್ಡನಾ?"

"ಸೇನಾಪತಿ ಅಲ್ರೀ... ನಾನು."

"ಹಾಗಾದ್ರೆ ಬಾಯಿಬಿಟ್ಟೇ ಹೇಳ್ತೀನಿ." ಅವನ ದನಿ ಒದ್ದೆಯಾಗಿತ್ತು. "ನೀವಂದ್ರೆ ನಂಗೆ ಪ್ರಾಣ, ಗಂಗಾಶ್ರೀ."

ಅವಳು ಮೊಬೈಲನ್ನು ಅವನ ಅಂಗೈಯಲ್ಲಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಭಾನುವಾರ ಹನ್ನೊಂದಕ್ಕ ಬರ್ರಿ... ಅಮ್ಮನ್ನ ಕರ್ಕೊಂಡು!"