ಅಲ್ಪವಿರಾಮವಿಲ್ಲದ ವಾಕ್ಯ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ವಿಶ್ವವಿದ್ಯಾಲಯದ ಹಿರಿಯ ಪ್ರೊಫೆಸರು ಠಾಣೆಗೆ ಬಂದು ದೂರು ಕೊಟ್ಟರು. ಅವರು ಬರೆದ ಬರವಣಿಗೆ ಕೈಪಿಡಿಯ ಹೊಸ ಮುದ್ರಣದ ಪ್ರತಿಗಳೆಲ್ಲ ಅವರ ವಿಭಾಗದ ಉಗ್ರಾಣದಿಂದ ಕಾಣೆಯಾಗಿದ್ದವು. ಯಾವ ಪದ ಎಲ್ಲಿ ಸಲ್ಲುತ್ತದೆ, ಇಂಗ್ಲಿಷಿನ ದೊಡ್ಡಕ್ಷರ ಎಲ್ಲಿ ಬರಬೇಕು, ಅಲ್ಪವಿರಾಮ ಎಲ್ಲಿ ಬೀಳಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಪುಸ್ತಕ.

"ಇದನ್ನ ಕದ್ದು ಯಾರ ಹೊಟ್ಟೆ ತುಂಬುತ್ತೆ ಮೇಡಂ?" ಕಾನ್‌ಸ್ಟೆಬಲ್ ಗೊಣಗಿದ.

"ಮೊದಲು ಎಫ್‌ಐಆರ್ ಹಾಕ್ರೀ," ಎಂದರು ಇನ್‌ಸ್ಪೆಕ್ಟರ್.

ಉಗ್ರಾಣದ ಬೀಗ ಮುರಿದಿರಲಿಲ್ಲ. ಕೀಲಿಕೈ ವಿಭಾಗದ ಅಧ್ಯಾಪಕರೆಲ್ಲರ ಬಳಿಯೂ ಇತ್ತು. ಪಂಚನಾಮೆ ಮುಗಿಸಿ, ಇನ್‌ಸ್ಪೆಕ್ಟರ್ ಹತ್ತಿರದ ರದ್ದಿ ಅಂಗಡಿಗಳನ್ನು ಜಾಲಾಡಿಸಿದರು. ಮೂರನೆಯ ಅಂಗಡಿಯ ತೊಟ್ಟಿಯಲ್ಲಿ ಪುಸ್ತಕಗಳು ನೆನೆದು ಮುದ್ದೆಯಾಗಿದ್ದವು.

"ಯಾರು ತಂದಿದ್ದು?"

"ಒಬ್ರು ಮೇಡಂ. ಮುಖಕ್ಕೆ ದುಪಟ್ಟಾ ಸುತ್ತಿದ್ರು. ದುಡ್ಡೂ ಬೇಡ, ನನ್ನ ಕಣ್ಣೆದುರೇ ನೀರಿಗೆ ಹಾಕಿ ಅಂದ್ರು." ಅಂಗಡಿಯವನು ಎತ್ತಿಟ್ಟಿದ್ದ ಒಂದು ಒಣ ಪ್ರತಿ ತೆಗೆದ. "ನಾನು ಸುಮ್ನೆ ತಿರುವಿದೆ. ಇದನ್ನ ಓದಿ ನಕ್ಕೂ ನಕ್ಕೂ ಸಾಕಾಯ್ತು. ಆಯಮ್ಮ ಮಾತ್ರ ನಗಲಿಲ್ಲ."

'ತಪ್ಪು ವಾಕ್ಯ' ಎಂಬ ತಲೆಬರಹದ ಕೆಳಗಿತ್ತು: 'ಅಪ್ಪ ಸತ್ತ ನಾಯಿ ಊಟ ಬಿಟ್ಟಿದೆ.'

"ಸತ್ತ ನಾಯಿ ಊಟ ಬಿಟ್ಟಿದೆಯಂತೆ!" ಕಾನ್‌ಸ್ಟೆಬಲ್ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರಿಗೂ ನಗು ಬಂತು. ಮರುಗಳಿಗೆಯೇ 'ಅಪ್ಪ ಸತ್ತ' ಎಂಬಲ್ಲಿ ತಡೆದು ಅವರು ಇನ್ನೊಮ್ಮೆ ಓದಿಕೊಂಡರು.

ಮಧ್ಯಾಹ್ನ ಅಧ್ಯಾಪಕರ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಆ ಸಾಲನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ಹೊಸದಾಗಿ ಸೇರಿದ್ದ ಅಧ್ಯಾಪಕಿ ಮಾತ್ರ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

ಇನ್‌ಸ್ಪೆಕ್ಟರ್ ಅವಳನ್ನು ಪಕ್ಕದ ಕೋಣೆಗೆ ಕರೆದರು. ಪ್ರೊಫೆಸರೂ ಬಂದರು.

"ನೀವೇನಾ ತಗೊಂಡು ಹೋಗಿದ್ದು?"

"ಹೌದು."

"ಆ ವಾಕ್ಯ ಯಾರದು?"

"ನಂದೇ. ಇಲ್ಲೇ ಓದ್ತಿದ್ದಾಗ ಬರೆದಿದ್ದು. ಪ್ರತಿ ವರ್ಷ ಹುಡುಗರು ಬಿದ್ದು ಬಿದ್ದು ನಗ್ತಾರೆ ಮೇಡಂ. ಇವತ್ತಿಂದ ಆ ಪಾಠ ನಾನು ಮಾಡಬೇಕಿತ್ತು. ನಾನೇ ಓದಿ ನಗಿಸಬೇಕಿತ್ತು."

ಪ್ರೊಫೆಸರ ಮುಖ ಬಿಳಿಚಿಕೊಂಡಿತು. "ನನಗೊಂದು ಮಾತು ಹೇಳಬಾರದಿತ್ತೇನಮ್ಮಾ?"

"ಹೇಳಿದ್ದೆ ಸರ್. ಅಪ್ಪನ್ನ ಮಣ್ಣು ಮಾಡಿ ಬಂದ ದಿನ, ಪ್ರಬಂಧಕ್ಕೆ ಇನ್ನೊಂದು ವಾರ ಕೊಡಿ ಅಂತ ನಿಮಗೆ ಬರೆದುಕೊಟ್ಟ ಅರ್ಜಿಯ ಸಾಲೇ ಅದು. ನೀವು ಕೆಂಪು ಶಾಯಿಯಲ್ಲಿ ಅಲ್ಪವಿರಾಮ ಹಾಕಿ ವಾಪಸ್ ಕೊಟ್ರಿ. ವಾರ ಕೊಡಲಿಲ್ಲ."

ಅವಳ ದನಿ ಏರಲಿಲ್ಲ. ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು. ದೂರು ಹಿಂದಕ್ಕೆ ಪಡೆಯುತ್ತೇನೆಂದು ಪ್ರೊಫೆಸರು ಅಂಗಲಾಚಿದರು.

"ಅದನ್ನ ನ್ಯಾಯಾಲಯದಲ್ಲಿ ಹೇಳಿ ಸರ್. ಈಗ ಬೇಕಾಗಿರೋದು ಜಾಮೀನಿಗೆ ಒಬ್ರು," ಎಂದರು ಇನ್‌ಸ್ಪೆಕ್ಟರ್.

"ನಾನಿದ್ದೀನಿ," ಎಂದರು ಪ್ರೊಫೆಸರು.

ಇನ್‌ಸ್ಪೆಕ್ಟರ್ ಅವಳತ್ತ ನೋಡಿದರು. ಅವಳು ಬೆಂಚಿನ ಮೇಲೆ ತುಸು ಸರಿದು, ಪ್ರೊಫೆಸರಿಗೆ ಕೂರಲು ಜಾಗ ಬಿಟ್ಟಳು.